ನೆರಳಿದ್ದಲ್ಲಿ ಆಟದಂಗಳ

ಮರಕೋತಿ ಆಡಲು ಬಯಲು ಬೇಕಿಲ್ಲ, ಬಾಗಿದ ಕೊಂಬೆಗಳಿರುವ ಒಂದು ದೊಡ್ಡ ಮರ ಇದ್ದರೆ ಸಾಕು. ಬುಡದಲ್ಲಿ ವೃತ್ತ ಗೀಚಿ, ಒಬ್ಬ ಹುಡುಗ ಕಾಲೆತ್ತಿ ಅದರಡಿಯಿಂದ ಕೋಲನ್ನು ದೂರಕ್ಕೆ ಎಸೆಯುತ್ತಾನೆ. ಕಳ್ಳನಾದವನು ಓಡಿಹೋಗಿ ಅದನ್ನು ತಂದು ವೃತ್ತದಲ್ಲಿ ಇಡುವಷ್ಟರಲ್ಲಿ ಉಳಿದವರೆಲ್ಲ ಮರ ಹತ್ತಿರುತ್ತಾರೆ. ಆಮೇಲೆ ಅವನು ಕೋಲನ್ನೂ ಕಾಯಬೇಕು, ಕೊಂಬೆಯಿಂದ ಜಿಗಿಯುವವರನ್ನು ಮುಟ್ಟಲೂ ಬೇಕು. ಇಡೀ ಆಟದಲ್ಲಿ ಬಿಸಿಲಿಗೆ ಹೋಗುವವನು ಕೋಲು ತರುವ ಒಬ್ಬನೇ. ಮಿಕ್ಕವರದ್ದೆಲ್ಲ ನೆರಳಿನ ವಹಿವಾಟು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಮಕ್ಕಳು ಎಲ್ಲಿ ಆಡಿಕೊಂಡು ಬಂದರು ಎಂಬ ಪ್ರಶ್ನೆಗೆ ಇಂಥ ಆಟಗಳೇ ಒಂದು ದಾಖಲೆ. ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಂಪುಟ ತೀರ್ಮಾನಿಸಿತು. ಹೆಸರು ಯಾವುದೇ ಇರಲಿ, ನೆಲದ ಗುಣ ಒಂದೇ: ಒಣ ಸೀಮೆ, ರಾಗಿ ಬೆಳೆಯುವ ಕೆಂಪು ಮಣ್ಣು, ನಡುನಡುವೆ ಎದ್ದು ನಿಂತ ಬೋಳು ಬಂಡೆ. ಇದು ಮರುಭೂಮಿಯಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಮಗುವಿನ ಬರಿಗಾಲಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಪಕ್ಕದ ಬೆಂಗಳೂರಿನಲ್ಲೇ 2024ರ ಏಪ್ರಿಲ್ ಕೊನೆಯಲ್ಲಿ ಉಷ್ಣಾಂಶ 38.5 ಡಿಗ್ರಿ ಮುಟ್ಟಿತ್ತು.

ಬಂಡೆಯ ಕತೆ ಬಹಳ ಹಳೆಯದು. ಸುಮಾರು 250 ಕೋಟಿ ವರ್ಷಗಳ ಹಿಂದೆ ರೂಪುಗೊಂಡ, ಉತ್ತರ-ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹಬ್ಬಿದ ಈ ಕಲ್ಲಿನ ಪಟ್ಟಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಮೊದಲ ಬ್ರಿಟಿಷ್ ರೆಸಿಡೆಂಟ್ ಆಗಿ ಬಂದ ಬ್ಯಾರಿ ಕ್ಲೋಸ್‌ನ ಹೆಸರನ್ನು ರಾಮನಗರ ಬಹುಕಾಲ ಹೊತ್ತಿತ್ತು. ಊರಿನಿಂದ ಅದು ಕಲ್ಲಿಗೂ ಅಂಟಿಕೊಂಡಿತು. ಈ ಕಲ್ಲು ಹಗಲೆಲ್ಲ ಕಾದ ಹೆಂಚಿನಂತಾಗಿ ರಾತ್ರಿ ನಿಧಾನವಾಗಿ ಕಾವು ಬಿಡುತ್ತದೆ. ಹಾಗಾಗಿ ಬೆಟ್ಟದ ಬುಡದ ಹಳ್ಳಿಗಳಲ್ಲಿ ಬಂಡೆ ಆಟದ ಜಾಗವಾಗುತ್ತಿದ್ದುದು ಬೆಳಗ್ಗೆ ಬೇಗ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ. ನಯವಾಗಿ ಸವೆದ ಜಾರುಬಂಡೆಯ ಮೇಲೆ ಹೊಂಗೆಯ ಸೊಪ್ಪು ಹಾಸಿಕೊಂಡು ಜಾರುವುದು, ಹಾಸುಬಂಡೆಯ ಮೇಲೆ ಇದ್ದಿಲಿನಲ್ಲಿ ಮನೆ ಬರೆದು ಹುಲಿ-ಕುರಿ ಆಡುವುದು ಇವೆಲ್ಲ ದನ ಕಾಯುವ ಮಕ್ಕಳ ಆಟಗಳು. 1975ರಲ್ಲಿ ತೆರೆ ಕಂಡ ‘ಶೋಲೆ’ ಚಿತ್ರದಿಂದ ಈ ಬಂಡೆಗಳನ್ನು ದೇಶವೆಲ್ಲ ನೋಡಿತು. 2012ರಲ್ಲಿ ಇಲ್ಲಿನ ರಾಮದೇವರ ಬೆಟ್ಟ ರಣಹದ್ದುಗಳ ರಕ್ಷಿತ ತಾಣವಾಯಿತು. ಅದು ಸರಿಯಾದ ತೀರ್ಮಾನವೇ, ಆ ಹಕ್ಕಿಗಳಿಗೆ ಆ ಬಂಡೆಗಳೇ ನೆಲೆ. ಮಕ್ಕಳಿಗಾದರೆ ಊರಿನಲ್ಲೇ ಜಾಗ ಇರಬೇಕಿತ್ತು. ಒಂದು ಕಾಲದಲ್ಲಿ ಇತ್ತು ಕೂಡ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಆಟದ ಮೈದಾನ’ ಎಂದು ಯಾರೂ ಜಾಗ ಬಿಟ್ಟಿರಲಿಲ್ಲ. ಬೇರೆ ಕೆಲಸಕ್ಕೆಂದು ಬಿಟ್ಟ ಜಾಗಗಳೇ ಹೊತ್ತುಹೊತ್ತಿಗೆ, ಕಾಲಕಾಲಕ್ಕೆ ಮಕ್ಕಳ ಪಾಲಾಗುತ್ತಿದ್ದವು. ಊರ ಹೊರಗೆ ಮಾವು, ಹುಣಸೆ, ನೇರಳೆ, ಹಿಪ್ಪೆ, ಹೊಂಗೆ ಬೆಳೆಸಿದ ಗುಂಡುತೋಪು ಇರುತ್ತಿತ್ತು. ದಾರಿಹೋಕರು ಗಾಡಿ ಬಿಡಲು, ಜಾತ್ರೆಯ ದಿನ ಎತ್ತು ಕಟ್ಟಲು, ದನ ಮಲಗಲು ಅದು ಬೇಕಿತ್ತು. ಮಧ್ಯಾಹ್ನ ಅಲ್ಲಿ ಮರಕೋತಿ ನಡೆಯುತ್ತಿತ್ತು. ನಡು ಊರಲ್ಲಿ ಅರಳಿಕಟ್ಟೆ. ಒಂದು ಬದಿ ಹಿರಿಯರ ನ್ಯಾಯ ಪಂಚಾಯ್ತಿ, ಇನ್ನೊಂದು ಬದಿ ಗೋಲಿ, ಬುಗುರಿ. ನಾಡಹೆಂಚಿನ ಮನೆಗಳ ಜಗಲಿಗಳು ಹೆಣ್ಣುಮಕ್ಕಳ ಅಳಗುಳಿಮಣೆಗೆ, ಕಲ್ಲಾಟಕ್ಕೆ, ಚೌಕಾಬಾರಕ್ಕೆ. ತೊಟ್ಟಿಮನೆ ಇದ್ದವರಿಗೆ ನಡುವಿನ ತೊಟ್ಟಿಯೇ ಅಂಗಳ: ಮೇಲೆ ಆಕಾಶ, ಸುತ್ತ ಗೋಡೆಯ ನೆರಳು.

ಸುಗ್ಗಿ ಮುಗಿದ ಮೇಲೆ ಕಣ ಸಿಗುತ್ತಿತ್ತು. ರಾಗಿ ಒಕ್ಕಲು ನೆಲವನ್ನು ಕೆತ್ತಿ, ನೀರು ಹಾಕಿ, ದಮ್ಮಸು ಮಾಡಿ, ಸಗಣಿ ಬಗ್ಗಡ ಸಾರಿಸುತ್ತಿದ್ದರು. ಕಲ್ಲು ಮುಳ್ಳಿಲ್ಲದ ಅಷ್ಟು ಒಳ್ಳೆಯ ನೆಲ ಇಂದಿನ ಎಷ್ಟೋ ಶಾಲೆಗಳಲ್ಲೂ ಇಲ್ಲ. ಒಕ್ಕಣೆ ಮುಗಿಯುವುದು ಚಳಿ ಇಳಿದು ಬಿಸಿಲು ಏರುವ ಹೊತ್ತಿಗೆ. ಹಾಗಾಗಿ ಕಣದ ಆಟಗಳು ರಾತ್ರಿಗೆ ಜಾರಿದವು. ಬೆಳದಿಂಗಳಲ್ಲಿ ಕಣ್ಣಾಮುಚ್ಚಾಲೆ, ಕಬಡ್ಡಿ, ಕುಂಟಾಟ; ಪಕ್ಕದಲ್ಲಿ ಹುಲ್ಲಿನ ಮೆದೆ. ಚೈತ್ರದಿಂದಾಚೆಗೆ ಕೆರೆಯ ನೀರು ಹಿಂದೆ ಸರಿದಂತೆ ಕೆರೆಯಂಗಳ ತೆರೆಯುತ್ತಿತ್ತು. ಅದು ಚಿಣ್ಣಿದಾಂಡಿಗೆ, ಮುಂದೆ ಕ್ರಿಕೆಟ್‌ಗೆ. ಅಲ್ಲಿ ನೆರಳಿಲ್ಲ, ಆದ್ದರಿಂದ ಸಂಜೆಯ ಜಾಗ. ಹೀಗೆ ಬಿಸಿಲಿನ ಲೆಕ್ಕ ನೋಡಿಕೊಂಡು ದಿನಕ್ಕೂ ಋತುವಿಗೂ ಆಟದ ಜಾಗ ಬದಲಾಗುತ್ತಿತ್ತು. ಮಕ್ಕಳಿಗೆ ಆ ಲೆಕ್ಕವನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಬೇಕಿರಲಿಲ್ಲ.

ಕಲ್ಲಿನ ಮಂಟಪಗಳೂ ಈ ಲೆಕ್ಕದಲ್ಲಿ ಸೇರಿದ್ದವು. ಮಾಗಡಿಯಲ್ಲಿ ಕೆಂಪೇಗೌಡರ ಮನೆತನದ ಸೋಮೇಶ್ವರ ದೇವಾಲಯವಿದೆ, ಅದರ ಪಕ್ಕದ ತಿರುಮಲೆಯಲ್ಲಿ ರಂಗನಾಥಸ್ವಾಮಿ ಗುಡಿಯಿದೆ. ಅಂಥ ಗುಡಿಗಳ ಪ್ರಾಕಾರದ ಮಂಟಪಗಳಲ್ಲಿ ನಡುಹಗಲಲ್ಲೂ ತಂಪು. ಕರ್ನಾಟಕದ ಎಷ್ಟೋ ಹಳೆಯ ಗುಡಿಗಳ ನೆಲಹಾಸಿನ ಚಪ್ಪಡಿಗಳ ಮೇಲೆ ಹುಲಿ-ಕುರಿ ಆಟದ ಮನೆಗಳು, ಅಳಗುಳಿಯ ಗುಳಿಗಳು ಇಂದಿಗೂ ಕಾಣುತ್ತವೆ. ಶಿಲ್ಪಿಗಳು ಕೆತ್ತಿದರೋ, ಜಾತ್ರೆಗೆ ಬಂದವರು ಕೆತ್ತಿದರೋ, ಬಿಸಿಲು ಇಳಿಯುವವರೆಗೆ ಅಲ್ಲಿ ಕೂತು ಆಡಿದವರು ತಲೆಮಾರುಗಟ್ಟಲೆ ಇದ್ದರು ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಚನ್ನಪಟ್ಟಣದ ಗೊಂಬೆಯನ್ನೂ ಇಲ್ಲಿಟ್ಟು ನೋಡಬೇಕು. 1800ರಲ್ಲಿ ಈ ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುವುದನ್ನು ಕಂಡು ಬರೆದಿದ್ದಾನೆ. 19ನೇ ಶತಮಾನದ ಕೊನೆಗೆ ಬಂದ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೊತ್ತಿಗೆ ತಂತಿಯ ಜೊತೆಗೆ ಅರಗಿನ ಸಾಮಾನು, ಆಟಿಕೆಗಳೂ ಊರಿನ ಹೆಸರಿನೊಂದಿಗೆ ಸೇರಿದ್ದವು. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಎಂಬುದು ಊರಿನ ನಂಬಿಕೆ. ಮುಂದೆ ಕಸುಬನ್ನು ಬೆಳೆಸಿದವರೆಂದು ಬಾವಸ್ ಮಿಯಾನ್ ಅವರನ್ನು ನೆನೆಯುತ್ತಾರೆ. ಹಾಲೆ ಮರದ ತುಂಡನ್ನು ಒಣಗಿಸಿ, ಲೇತ್‌ಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಕೊನೆಗೆ ತಾಳೆಗರಿಯಿಂದ ತಿಕ್ಕಿದರೆ ಹೊಳಪು. ಬಾಯಿಗಿಟ್ಟುಕೊಳ್ಳುವ ಕೂಸಿಗೂ ಕೊಡಬಹುದು ಎಂಬುದೇ ಈ ಗೊಂಬೆಯ ದೊಡ್ಡ ಗುಣ. 2005–06ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಈ ಆಟಿಕೆಗಳನ್ನು ಸಾಲಾಗಿಟ್ಟು ನೋಡಿ: ಗಿಲಕಿ, ಬುಗುರಿ, ತಳ್ಳುಗಾಡಿ, ಅಡುಗೆ ಸಾಮಾನು, ಉರುಳುವ ಕುದುರೆ. ಬಹುತೇಕ ಎಲ್ಲವೂ ಜಗಲಿಯ, ಹಜಾರದ, ಒಳನೆಲದ ಆಟಕ್ಕೆ ಆದವು. ಬಿಸಿಲಲ್ಲಿ ಓಡಲಾಗದ ಹೊತ್ತನ್ನು ತುಂಬುವ ವಸ್ತುಗಳು. ಊರಿನ ಪಕ್ಕದ ದೊಡ್ಡಮಳೂರಿನಲ್ಲಿ ಅಂಬೆಗಾಲಿಡುವ ನವನೀತ ಕೃಷ್ಣನಿಗೆ ಮಕ್ಕಳು ಬೇಡುವ ದಂಪತಿಗಳು ಪುಟ್ಟ ಮರದ ತೊಟ್ಟಿಲನ್ನು ಹರಕೆ ಒಪ್ಪಿಸುತ್ತಾರೆ. ಮಗು ತೆವಳಿ, ಎದ್ದು, ಗಾಡಿ ತಳ್ಳಿಕೊಂಡು ಹೊಸ್ತಿಲು ದಾಟುವವರೆಗಿನ ಬಾಲ್ಯಕ್ಕೆ ಬೇಕಾದದ್ದನ್ನೆಲ್ಲ ಈ ಊರು ಕಡೆದು ಕೊಟ್ಟಿದೆ.

ಹೊಸ್ತಿಲು ದಾಟಿದ ಮಕ್ಕಳೆಲ್ಲ ಆಡಲು ಹೋದರು ಎಂದು ಬರೆದರೆ ಮಾತ್ರ ಸುಳ್ಳಾಗುತ್ತದೆ. ಏಷ್ಯಾದಲ್ಲೇ ದೊಡ್ಡದೆನಿಸಿದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದ್ದು. ಗೂಡು ಬೇಯಿಸುವ ಬಿಸಿನೀರು, ನೂಲು ಬಿಚ್ಚುವ ಮನೆ, ಹುರಿ ಹಾಕುವ ಯಂತ್ರ, ಎಲ್ಲ ಕಡೆ ಚಿಕ್ಕ ಕೈಗಳಿದ್ದವು. ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಅದಾಗಿ ಹದಿನೇಳು ವರ್ಷದ ಮೇಲೆ, 2003ರಲ್ಲಿ, ಹ್ಯೂಮನ್ ರೈಟ್ಸ್ ವಾಚ್ ದೇಶದ ರೇಷ್ಮೆ ಉದ್ಯಮದ ಜೀತ ಮಕ್ಕಳ ಬಗ್ಗೆ ವರದಿ ಪ್ರಕಟಿಸಿತು. ಅಧ್ಯಯನ ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನೆಯವರ ಮುಂಗಡ ಸಾಲಕ್ಕೆ ದಿನಕ್ಕೆ ಹನ್ನೆರಡು ತಾಸು ದುಡಿಯುವ ಮಕ್ಕಳು ಅದರಲ್ಲಿದ್ದರು. ಗುಂಡುತೋಪು ಎಷ್ಟೇ ತಂಪಾಗಿದ್ದರೂ ಆ ಮಕ್ಕಳಿಗೆ ಅದು ಇರಲಿಲ್ಲ. ಆಟದ ಜಾಗದ ಚರಿತ್ರೆ ಬರೆಯುವಾಗ ಆಡದೇ ಹೋದವರನ್ನು ಬಿಟ್ಟರೆ ಆ ಚರಿತ್ರೆ ಅರ್ಧವಾಗುತ್ತದೆ.

ಶಾಲೆಗಳು ಬಂದ ಮೇಲೆ ಮೈದಾನ ಎಂಬ ಕಲ್ಪನೆ ಗಟ್ಟಿಯಾಯಿತು: ಚೌಕಾಕಾರದ, ಸಮತಟ್ಟು, ಬೋಳು ನೆಲ. ಡ್ರಿಲ್ಲಿಗೆ, ಕಬಡ್ಡಿ ಅಂಕಣಕ್ಕೆ, ಸ್ವಾತಂತ್ರ್ಯ ದಿನದ ಕವಾಯತಿಗೆ ಅದು ಬೇಕು, ನಿಜ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು ಹೇಳಿತು. ಆದರೆ ಅದರ ಅನುಸೂಚಿಯಲ್ಲಿ ನೆರಳಿನ ಮಾತಿಲ್ಲ. ಪೇಟೆಯ ಉದ್ಯಾನಗಳಲ್ಲೂ ಇದೇ ಕತೆ: ಮೊದಲು ಜಾರುಬಂಡೆ, ಉಯ್ಯಾಲೆ, ಏತಪಾತ ತಂದು ಕಾಂಕ್ರೀಟಿನಲ್ಲಿ ನಿಲ್ಲಿಸುತ್ತಾರೆ, ಗಿಡ ನೆಡುವುದು ಆಮೇಲೆ. ಏಪ್ರಿಲ್ ಹನ್ನೊಂದು ಗಂಟೆಗೆ ತಗಡಿನ ಜಾರುಬಂಡೆಯ ಮೇಲೆ ಮಗುವನ್ನು ಕೂರಿಸಿದರೆ ತೊಡೆ ಸುಡುತ್ತದೆ. ಬೇಸಿಗೆ ರಜೆಯ ತಿಂಗಳುಗಳಲ್ಲೇ ಅವು ಹಗಲೆಲ್ಲ ಖಾಲಿ. ಇದೇ ಜಿಲ್ಲೆಯ ಬಿಡದಿಯಲ್ಲಿ 2005ರಲ್ಲಿ ತೆರೆದ ವಂಡರ್‌ಲಾ ಮನರಂಜನಾ ಪಾರ್ಕ್ ಬಿಸಿಲಿಗೆ ನೀರಿನಾಟದ ಉತ್ತರ ಕೊಟ್ಟಿತು. ಟಿಕೆಟ್ ಕೊಳ್ಳಬಲ್ಲವರಿಗೆ ವರ್ಷಕ್ಕೊಂದು ದಿನದ ಸಂಭ್ರಮ ಅದು.

ಇತ್ತ ಹಳೆಯ ಜಾಗಗಳು ಒಂದೊಂದಾಗಿ ಕರಗಿದವು. ಒಕ್ಕಣೆ ಡಾಂಬರು ರಸ್ತೆಗೆ, ಆಮೇಲೆ ಯಂತ್ರಕ್ಕೆ ಹೋಯಿತು, ಕಣ ಹೋಯಿತು. ತಾರಸಿ ಮನೆಗಳು ಬಂದವು, ಜಗಲಿ ಹೋಯಿತು. ಬೆಂಗಳೂರು ಹತ್ತಿರ ಬಂದಂತೆ ನೆಲದ ಬೆಲೆ ಏರಿ, ಗುಂಡುತೋಪು, ಗೋಮಾಳಗಳ ಅಂಚುಗಳು ಒತ್ತುವರಿಯಾದವು. ಕೆಲವೆಡೆ ಸರ್ಕಾರಿ ಕಟ್ಟಡಗಳೇ ಅಲ್ಲಿ ಎದ್ದವು. ಕಾನೂನು ಇಲ್ಲದೆ ಹೀಗಾಯಿತು ಎನ್ನುವಂತಿಲ್ಲ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ಸಂರಕ್ಷಣೆಗೆ ಕರ್ನಾಟಕ 1985ರಲ್ಲೇ ಕಾಯ್ದೆ ಮಾಡಿತ್ತು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟದ್ದು ತಪ್ಪೆಂದು 1991ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2011ರಲ್ಲಿ ಪಂಜಾಬಿನ ಹಳ್ಳಿಯೊಂದರ ಕೆರೆ ಒತ್ತುವರಿ ಪ್ರಕರಣದಲ್ಲಿ, ಊರೊಟ್ಟಿನ ಜಮೀನುಗಳನ್ನು ತೆರವು ಮಾಡಿಸಿ ಗ್ರಾಮಸ್ಥರ ಬಳಕೆಗೆ ಮರಳಿಸುವ ಯೋಜನೆ ಮಾಡಬೇಕೆಂದು ಅದೇ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಹೇಳಿತು. ಈ ಕಾನೂನುಗಳು ಊರಿನ ಮಟ್ಟಕ್ಕೆ ಇಳಿಯಲು ಕೇಳುವವರು ಬೇಕು, ಮಕ್ಕಳು ಅರ್ಜಿ ಬರೆಯುವುದಿಲ್ಲ.

ಇದೇ ಜಿಲ್ಲೆಯಲ್ಲಿ, ಯಾವ ಅರ್ಜಿಗೂ ಕಾಯದೆ ನೆರಳು ಬೆಳೆಸಿದವರು ಮಾಗಡಿ ತಾಲ್ಲೂಕಿನ ಹುಲಿಕಲ್‌ನ ತಿಮ್ಮಕ್ಕ. ಮಕ್ಕಳಿಲ್ಲದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಕೂಲಿ ಮಾಡಿಕೊಂಡೇ ಹುಲಿಕಲ್‌ನಿಂದ ಕುದೂರಿನತ್ತ ಹೋಗುವ ರಸ್ತೆಯ ಇಬ್ಬದಿಯಲ್ಲಿ ನಾಲ್ಕೈದು ಕಿಲೋಮೀಟರ್ ಉದ್ದಕ್ಕೆ ಆಲದ ಸಸಿ ನೆಟ್ಟರು, ದೂರದಿಂದ ನೀರು ಹೊತ್ತರು, ದನ ಮೇಯದಂತೆ ಮುಳ್ಳುಬೇಲಿ ಕಟ್ಟಿದರು. 385 ಮರಗಳು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲೀಕರಣಕ್ಕೆ ಆ ಮರಗಳೇ ಬಲಿಯಾಗುವ ಆತಂಕ ಎದ್ದಾಗ ತಿಮ್ಮಕ್ಕ ಸರ್ಕಾರಕ್ಕೆ ಮೊರೆಯಿಟ್ಟರು; ಮರ ಉಳಿಸುವ ಭರವಸೆ ಸಿಕ್ಕಿತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಹೆಸರಿನಲ್ಲಿ ಅರಣ್ಯ ಇಲಾಖೆ ರಾಜ್ಯದ ಹಲವೆಡೆ ಸಾಲುಮರದ ತಿಮ್ಮಕ್ಕ ವೃಕ್ಷೋದ್ಯಾನಗಳನ್ನು ಮಾಡಿದೆ. ಮರಗಳ ನಡುವೆ ಕಾಲುದಾರಿ, ಮಕ್ಕಳ ಆಟಿಕೆಗಳು. ಆಟಿಕೆ ತಂದು ಮರಕ್ಕೆ ಕಾಯುವ ಬದಲು ಮರವಿದ್ದಲ್ಲಿಗೆ ಆಟಿಕೆ ತರುವ ಈ ಕ್ರಮ ಗುಂಡುತೋಪಿಗೆ ಹತ್ತಿರವಾದದ್ದು.

ನಿಜವಾದ ಮರುಭೂಮಿಯಲ್ಲಿ ಏನು ಮಾಡುತ್ತಾರೆ? ರಾಜಸ್ಥಾನದ ಜೈಸಲ್ಮೇರ್ ಬಳಿಯ ಕನೋಯಿಯಲ್ಲಿ 2021ರಲ್ಲಿ ತೆರೆದ ರಾಜಕುಮಾರಿ ರತ್ನಾವತಿ ಬಾಲಕಿಯರ ಶಾಲೆಯನ್ನು ವಾಸ್ತುಶಿಲ್ಪಿ ಡಯಾನಾ ಕೆಲಾಗ್ ಸ್ಥಳೀಯ ಹಳದಿ ಮರಳುಗಲ್ಲಿನಲ್ಲಿ ಅಂಡಾಕಾರವಾಗಿ ಕಟ್ಟಿದ್ದಾರೆ. ನಡುವೆ ಆಡುವ ಅಂಗಳ, ಸುತ್ತ ತರಗತಿಗಳು, ಮೇಲ್ಭಾಗದಲ್ಲಿ ಗಾಳಿ ಹಾಯುವ ಜಾಲಂಧ್ರದ ಗೋಡೆ, ಹವಾನಿಯಂತ್ರಣ ಇಲ್ಲ. ತೊಟ್ಟಿಮನೆ ಕಂಡವರಿಗೆ ಆ ಅಂಗಳ ಹೊಸದೆನಿಸುವುದಿಲ್ಲ. ರಾಮನಗರದ ಬಂಡೆ ಸೀಮೆಗೆ ಅಷ್ಟು ದೊಡ್ಡ ಕಟ್ಟಡವೂ ಬೇಕಾಗಿಲ್ಲ, ಇಲ್ಲಿ ಮರ ಬೆಳೆಯುತ್ತದೆ.

ಗುಂಡುತೋಪು ಎಂದು ದಾಖಲಾದ ಸರ್ವೆ ನಂಬರುಗಳು ಕಂದಾಯ ದಾಖಲೆಯಲ್ಲಿ ಇನ್ನೂ ಇವೆ. ಗ್ರಾಮ ಪಂಚಾಯ್ತಿ ಕೇಳಿದರೆ ತಾಲ್ಲೂಕು ಭೂಮಾಪಕರು ಅಳತೆ ಮಾಡಿ ಗಡಿ ಗುರುತಿಸಬಹುದು. ಗುಂಡಿ ತೋಡಲು, ಗಿಡ ನೆಟ್ಟು ನೀರು ಹಾಕಲು, ಶಾಲೆಯ ಮೈದಾನ ಸಮ ಮಾಡಲು ಉದ್ಯೋಗ ಖಾತ್ರಿಯಲ್ಲಿ ಅವಕಾಶ ಇದ್ದೇ ಇತ್ತು. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಹೊಂಗೆ, ನೇರಳೆ, ಹುಣಸೆ ಸಸಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಮುಂಗಾರಿನ ಮೊದಲ ಹದಕ್ಕೆ ಹೊಂಗೆ ನೆಟ್ಟು ಮೂರು ಬೇಸಿಗೆ ಕಾಪಾಡಿದರೆ ಅದು ತನ್ನ ಪಾಡಿಗೆ ಬೆಳೆಯುತ್ತದೆ. ಏಪ್ರಿಲ್‌ನಲ್ಲಿ, ಬೇಸಿಗೆ ರಜೆ ಶುರುವಾಗುವ ಹೊತ್ತಿಗೇ, ಅದಕ್ಕೆ ಹೊಸ ಎಲೆ ತುಂಬಿರುತ್ತದೆ.