ಉಂಗುರದೊಳಗೆ ತೂರುವ ಶಾಲು

ಸ್ಕಾಟ್ಲೆಂಡಿನ ಉತ್ತರಕ್ಕೆ, ಕಡಲ ನಡುವೆ ಶೆಟ್ಲೆಂಡ್ ಎಂಬ ದ್ವೀಪಸಮೂಹವಿದೆ. ಅದರ ಉತ್ತರದ ತುದಿಯಲ್ಲಿರುವ ಅನ್‌ಸ್ಟ್ ದ್ವೀಪದ ಹೆಂಗಸರು ಕೈಯಿಂದ ಹೆಣೆದ ಉಣ್ಣೆಯ ಲೇಸ್ ಶಾಲುಗಳು ಬಹು ಪ್ರಸಿದ್ಧ. ಹಾಸಿದರೆ ಒಂದಾಳುದ್ದ, ಅಷ್ಟೇ ಅಗಲ. ಮುದುಡಿ ಎಳೆದರೆ ಮದುವೆಯ ಉಂಗುರದೊಳಗೆ ತೂರಿ ಹೊರಬರುತ್ತದೆ. ಹಾಗಾಗಿಯೇ ಅದಕ್ಕೆ ‘ಮದುವೆಯುಂಗುರದ ಶಾಲು’ ಎಂಬ ಹೆಸರು ಬಂದಿತು.

ಇಷ್ಟೊಂದು ನವಿರು ಬಂದುದು ಹೇಗೆ? ಬೇಸಿಗೆಯ ಆರಂಭದಲ್ಲಿ ಅಲ್ಲಿನ ಕುರಿಗಳ ಉಣ್ಣೆ ತಾನಾಗಿ ಸಡಿಲವಾಗುತ್ತದೆ. ಆಗ ಅದನ್ನು ಕತ್ತರಿಸದೆ ಕೈಯಿಂದಲೇ ಬಿಡಿಸಿಕೊಳ್ಳುತ್ತಿದ್ದರು. ಕುತ್ತಿಗೆಯ ಭಾಗದ ಅತಿ ಮೃದುವಾದ ಉಣ್ಣೆಯನ್ನು ಆರಿಸಿ, ರಾಟೆಯಲ್ಲಿ ಕೂದಲೆಳೆಯಷ್ಟು ಸಣ್ಣಗೆ ನೂಲುತ್ತಿದ್ದರು. ಹೆಣಿಗೆಯ ಗುಟ್ಟು ಸರಳವಾದುದು. ಕಡ್ಡಿಗೆ ನೂಲನ್ನು ಒಂದು ಸುತ್ತು ಹೆಚ್ಚಾಗಿ ಹಾಕಿದರೆ ಒಂದು ಕುಣಿಕೆ ಹೆಚ್ಚಿ, ಅಲ್ಲೊಂದು ಕಿಂಡಿ ಮೂಡುತ್ತದೆ. ಬೇರೊಂದೆಡೆ ಎರಡು ಕುಣಿಕೆಗಳನ್ನು ಕೂಡಿಸಿ ಹೆಣೆದರೆ ಲೆಕ್ಕ ಸರಿಹೋಗುತ್ತದೆ. ಕಿಂಡಿಗಳು ಎಲ್ಲೆಲ್ಲಿ ಬೀಳುತ್ತವೆ ಎಂಬುದರಿಂದಲೇ ಅಲೆ, ಬೆಕ್ಕಿನ ಹೆಜ್ಜೆ, ಹಕ್ಕಿಯ ಕಣ್ಣು ಮೊದಲಾದ ಚಿತ್ತಾರಗಳು ಹುಟ್ಟುತ್ತವೆ. ಈ ಲೆಕ್ಕವನ್ನು ಬರೆದಿಡುವ ರೂಢಿ ಇರಲಿಲ್ಲ. ತಾಯಿಯ ಕೈ ನೋಡಿ ಮಗಳು ಕಲಿಯಬೇಕಿತ್ತು.

ಶೆಟ್ಲೆಂಡಿನವನೇ ಆದ ಹಡಗು ಉದ್ಯಮಿ ಆರ್ಥರ್ ಆಂಡರ್‌ಸನ್ 1837ರಲ್ಲಿ ವಿಕ್ಟೋರಿಯಾ ರಾಣಿಗೆ ಅಲ್ಲಿನ ನವಿರಾದ ಕಾಲುಚೀಲಗಳನ್ನು ಅರ್ಪಿಸಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಶೆಟ್ಲೆಂಡಿನ ಲೇಸ್ ಕಾಣಿಸಿಕೊಂಡಿತು. ಶ್ರೀಮಂತರ ಮನೆಗಳಲ್ಲಿ ಬೇಡಿಕೆ ಹೆಚ್ಚಿತು.

ಆದರೆ ಹೆಣೆದವಳ ಕೈಗೆ ಹಣ ಬರಲಿಲ್ಲ. ವರ್ತಕರು ಶಾಲಿಗೆ ಬದಲಾಗಿ ತಮ್ಮ ಅಂಗಡಿಯ ಚಹಾಪುಡಿಯನ್ನೋ ಬಟ್ಟೆಯನ್ನೋ ಕೊಡುತ್ತಿದ್ದರು. ಮನೆಯಲ್ಲಿ ಹಿಟ್ಟಿಲ್ಲದವಳು ಆ ಚಹಾಪುಡಿಯನ್ನು ಹೊತ್ತು, ಹಿಟ್ಟು ಕೊಡುವವರನ್ನು ಹುಡುಕಬೇಕು! 1872ರಲ್ಲಿ ಸರ್ಕಾರ ಈ ಪದ್ಧತಿಯ ವಿಚಾರಣೆ ನಡೆಸಿದಾಗ ಹೆಂಗಸರೇ ಮುಂದೆ ಬಂದು ಸಾಕ್ಷ್ಯ ನುಡಿದರು. ಅವರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಗಂಡಸರು ತೆರೆದ ದೋಣಿಗಳಲ್ಲಿ ದೂರದ ಕಡಲಿಗೆ ಮೀನು ಹಿಡಿಯಲು ಹೋಗುತ್ತಿದ್ದರು; 1881ರ ಜುಲೈನ ಒಂದೇ ಬಿರುಗಾಳಿಗೆ 58 ಮಂದಿ ಬಲಿಯಾದರು. 1887ರಲ್ಲಿ ಕಾನೂನು ತಿದ್ದುಪಡಿಯಾಗಿ, ಮನೆಯಲ್ಲಿ ಹೆಣೆದ ಉಣ್ಣೆಯ ಸರಕಿಗೂ ರಕ್ಷಣೆ ದೊರೆಯಿತು. ಆದರೂ ಹಳೆಯ ಪದ್ಧತಿ ಒಮ್ಮೆಲೇ ನಿಲ್ಲಲಿಲ್ಲ.

ಶಾಲಿನ ಮೇಲೆ ಹೆಣೆದವಳ ಹೆಸರಿರುವುದಿಲ್ಲ. ಆದರೆ ಮನೆಯಲ್ಲಿ ಒಂದು ಹಳೆಯ ಶಾಲು ಉಳಿದಿದ್ದರೆ, ಕಲಿತ ಕಣ್ಣು ಅದನ್ನು ಓದಬಲ್ಲದು. ಬೆಳಕಿಗೆ ಹಿಡಿದು ಕಿಂಡಿಗಳನ್ನು ಒಂದೊಂದಾಗಿ ಎಣಿಸಿದರೆ ಮುತ್ತಜ್ಜಿಯ ಲೆಕ್ಕವೆಲ್ಲ ಅಲ್ಲಿದೆ. ಅದೇ ಲೆಕ್ಕ ಹಿಡಿದು ಮರಿಮಗಳು ಹೊಸ ಶಾಲು ಹೆಣೆಯಲು ಕೂರಬಹುದು. ಮುತ್ತಜ್ಜಿಗೆ ಅದರಿಂದ ಸಿಕ್ಕಿದ್ದೆಷ್ಟು ಎಂಬುದನ್ನು ತಿಳಿಯಲು ಮಾತ್ರ ಆಕೆ 1872ರ ಸಾಕ್ಷ್ಯಗಳನ್ನೂ ಓದಬೇಕು.