ಕಳ್ಳಾಟಕ್ಕೆ ಎಷ್ಟು ಪಂದ್ಯದ ಶಿಕ್ಷೆ?

1982ರ ಡಿಸೆಂಬರ್ 12. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಕ್ಸ್‌ಬರೋದಲ್ಲಿ ಮೈದಾನದ ಮೇಲೆ ಹಿಮ ಎಷ್ಟು ಬಿದ್ದಿತ್ತೆಂದರೆ ಗೆರೆಗಳೇ ಕಾಣುತ್ತಿರಲಿಲ್ಲ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮತ್ತು ಮಯಾಮಿ ಡಾಲ್ಫಿನ್ಸ್ ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ ಮುಗಿಯಲು ಇನ್ನು ಐದೇ ನಿಮಿಷವಿದ್ದರೂ ಎರಡೂ ಕಡೆ ಸೊನ್ನೆ. ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸಿದರೆ ಮೂರು ಪಾಯಿಂಟ್ ಸಿಗುತ್ತದೆ. ಆದರೆ ಒದೆಯುವವನ ಕಾಲೇ ಜಾರುತ್ತಿದೆ. ಆಗ ಪೇಟ್ರಿಯಟ್ಸ್ ಕೋಚ್ ರಾನ್ ಮೇಯರ್ ಮೈದಾನದ ಅಂಚಿನಲ್ಲಿದ್ದ ಪುಟ್ಟ ಟ್ರ್ಯಾಕ್ಟರಿನವನಿಗೆ ಕೈಸನ್ನೆ ಮಾಡಿದರು. ಗೆರೆಗಳ ಮೇಲಿನ ಹಿಮ ಗುಡಿಸುವುದು ಆ ಟ್ರ್ಯಾಕ್ಟರಿನ ಕೆಲಸ. ಅವತ್ತು ಅದನ್ನು ಓಡಿಸುತ್ತಿದ್ದವನು ಹಗಲು ದುಡಿಯಲು ಜೈಲಿನಿಂದ ಬಿಡುಗಡೆ ಪಡೆದು ಬಂದಿದ್ದ ಕೈದಿ. ಗೆರೆಯ ಗುಂಟ ಹೊರಟವನು ಚೂರು ಓರೆಯಾಗಿ ತಿರುಗಿಸಿ, ಚೆಂಡು ಇಡಬೇಕಾದ ಜಾಗವನ್ನೇ ಗುಡಿಸಿಕೊಟ್ಟು ಹೋದ. ಜಾನ್ ಸ್ಮಿತ್ 33 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ದಾಟಿತು. ಪಂದ್ಯ ಪೇಟ್ರಿಯಟ್ಸ್ ಪಾಲಾಯಿತು, 3-0.

ಡಾಲ್ಫಿನ್ಸ್ ಕೋಚ್ ಡಾನ್ ಶೂಲಾ ಕೆಂಡಾಮಂಡಲವಾಗಿ ನ್ಯಾಷನಲ್ ಫುಟ್‌ಬಾಲ್ ಲೀಗಿನ ಕಮಿಷನರ್ ಪೀಟ್ ರೋಜೆಲ್ ಬಳಿ ದೂರಿಟ್ಟರು. ನಡೆದದ್ದು ಅನ್ಯಾಯವೆಂದು ರೋಜೆಲ್ ಒಪ್ಪಿದರು. ಆದರೆ ಫಲಿತಾಂಶ ಬದಲಿಸುವ ಅಧಿಕಾರ ತಮಗಿಲ್ಲ ಎಂದರು. ಪಂದ್ಯದ ನಡುವೆ ಹಿಮದ ಟ್ರ್ಯಾಕ್ಟರ್ ಇಳಿಸಬಾರದೆಂಬ ನಿಯಮ ಬಂದದ್ದು ಆಮೇಲೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ನಿಯಮ ಬರೆಯುವುದು ಈ ಲೀಗಿಗೆ ಆಗಲೇ ಹಳೆಯ ರೂಢಿ. ಆ ಟ್ರ್ಯಾಕ್ಟರ್ ಇವತ್ತು ಪೇಟ್ರಿಯಟ್ಸ್ ವಸ್ತುಸಂಗ್ರಹಾಲಯದ ಚಾವಣಿಯಿಂದ ತೂಗುತ್ತಿದೆ. ಬಂದವರು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಫಲಿತಾಂಶವನ್ನು ಯಾರೂ ಮುಟ್ಟುವುದಿಲ್ಲ ಎಂಬುದು ಈ ಆಟದ ಕಳ್ಳಾಟಗಳ ಚರಿತ್ರೆಯಲ್ಲಿ ಉದ್ದಕ್ಕೂ ಕಾಣುವ ಸಂಗತಿ. ತೀರಾ ಅಸಾಮಾನ್ಯವಾದ ಅನ್ಯಾಯ ನಡೆದರೆ ಪಂದ್ಯದ ಫಲಿತಾಂಶವನ್ನೇ ತಿರುಗಿಸಬಹುದೆಂಬ ವಿಧಿ ಈಗಿನ ನಿಯಮಪುಸ್ತಕದಲ್ಲಿದೆ, ಆದರೆ ಅದನ್ನು ಬಳಸಿದ್ದು ಮಾತ್ರ ಇಲ್ಲ. ಗೆದ್ದವರು ಗೆದ್ದವರೇ. ಶಿಕ್ಷೆಯೆಲ್ಲ ಆಮೇಲಿನದು: ದಂಡ, ಅಮಾನತು, ಇಲ್ಲವೇ ಡ್ರಾಫ್ಟಿನ ಸರದಿ ಕಿತ್ತುಕೊಳ್ಳುವುದು. ಕಾಲೇಜು ಆಟಗಾರರನ್ನು ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆಯೇ ಈ ಡ್ರಾಫ್ಟ್. ಶಿಕ್ಷೆಯ ಪ್ರಮಾಣ ನಿರ್ಧರಿಸುವವರು ಒಬ್ಬರೇ, ಕಮಿಷನರ್. ಅವರಿಗೆ ಸಂಬಳ ಕೊಡುವವರು ತಂಡಗಳ ಮಾಲೀಕರು.

ಈ ಏಕಾಧಿಕಾರಕ್ಕೆ ಬುನಾದಿ ಬಿದ್ದದ್ದು 1946ರಲ್ಲಿ. ಅದೂ ಡಿಸೆಂಬರ್ ತಿಂಗಳೇ. ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಜೈಂಟ್ಸ್ ಮತ್ತು ಶಿಕಾಗೊ ಬೇರ್ಸ್ ನಡುವೆ ಚಾಂಪಿಯನ್‌ಷಿಪ್ ಪಂದ್ಯವಿತ್ತು. ಆಲ್ವಿನ್ ಪ್ಯಾರಿಸ್ ಎಂಬ ಜೂಜುಕೋರ ಜೈಂಟ್ಸ್ ತಂಡದ ಫ್ರಾಂಕ್ ಫಿಲ್‌ಚಾಕ್ ಮತ್ತು ಮರ್ಲ್ ಹೇಪ್ಸ್ ಅವರಿಗೆ ತಲಾ 2,500 ಡಾಲರ್ ಆಮಿಷ ಒಡ್ಡಿದ್ದ. ಅವನ ಫೋನಿಗೆ ಕಿವಿಗೊಟ್ಟಿದ್ದ ಪೊಲೀಸರಿಗೆ ವಿಷಯ ತಿಳಿಯಿತು. ಮೇಯರ್ ವಿಲಿಯಂ ಒಡ್ವಯರ್ ಆಟಗಾರರನ್ನು ಕರೆಸಿ ಕೇಳಿದರು. ಆಮಿಷ ಬಂದದ್ದು ನಿಜವೆಂದು ಹೇಪ್ಸ್ ಒಪ್ಪಿಕೊಂಡರು, ಫಿಲ್‌ಚಾಕ್ ಇಲ್ಲವೆಂದರು. ಕಮಿಷನರ್ ಬರ್ಟ್ ಬೆಲ್ ನಿಜ ಹೇಳಿದವರನ್ನು ಹೊರಗೆ ಕೂರಿಸಿದರು, ಸುಳ್ಳು ಹೇಳಿದವರನ್ನು ಆಡಿಸಿದರು.

ಫಿಲ್‌ಚಾಕ್ ಮೂಗು ಮುರಿದುಕೊಂಡು ಆಡಿದರು. ಅವರ ಎರಡು ಎಸೆತಗಳು ಟಚ್‌ಡೌನ್ ಆಗಿ ಅಂಕ ತಂದವು, ಆರು ಎದುರಾಳಿಗಳ ಕೈಸೇರಿದವು. ಬೇರ್ಸ್ 24-14ರಿಂದ ಗೆದ್ದಿತು. ಮುಂದೆ ಪ್ಯಾರಿಸ್ ವಿಚಾರಣೆಯ ವೇಳೆ ನ್ಯಾಯಾಲಯದಲ್ಲಿ ನಿಜ ಹೊರಬಿತ್ತು, ಇಬ್ಬರಿಗೂ ಅನಿರ್ದಿಷ್ಟ ಅಮಾನತು. ಇಬ್ಬರೂ ಬಿಡಿಗಾಸು ಮುಟ್ಟಿರಲಿಲ್ಲ. ಅವರ ತಪ್ಪು, ಆಮಿಷ ಬಂದದ್ದನ್ನು ತಾವಾಗಿ ಹೋಗಿ ಹೇಳದಿದ್ದುದು. ಫಿಲ್‌ಚಾಕ್ ಕೆನಡಾಕ್ಕೆ ಹೋಗಿ 1949ರಲ್ಲಿ ಮಾಂಟ್ರಿಯಲ್ ತಂಡಕ್ಕೆ ಗ್ರೇ ಕಪ್ ಗೆದ್ದುಕೊಟ್ಟರು, 1950ರಲ್ಲಿ ಅವರ ಅಮಾನತು ತೆರವಾಯಿತು. ಮೊದಲೇ ನಿಜ ಹೇಳಿದ್ದ ಹೇಪ್ಸ್ 1954ರವರೆಗೆ ಕಾಯಬೇಕಾಯಿತು. ಈ ಲೆಕ್ಕ ಯಾವ ತಕ್ಕಡಿಯಲ್ಲಿ ತೂಗಿದ್ದೋ!

1963ರಲ್ಲಿ ರೋಜೆಲ್ ಎದುರು ಬಂದ ಪ್ರಕರಣ ಇನ್ನೂ ದೊಡ್ಡದು. ಗ್ರೀನ್ ಬೇ ಪ್ಯಾಕರ್ಸ್ ತಂಡದ ಚಿನ್ನದ ಹುಡುಗ ಪಾಲ್ ಹಾರ್ನಂಗ್, ಡೆಟ್ರಾಯ್ಟ್ ಲಯನ್ಸ್ ತಂಡದ ದೈತ್ಯ ಅಲೆಕ್ಸ್ ಕಾರಸ್ ಇಬ್ಬರೂ ಲೀಗಿನ ಪಂದ್ಯಗಳ ಮೇಲೆ ಬಾಜಿ ಕಟ್ಟಿದ್ದರು. ತಮ್ಮ ತಂಡ ಸೋಲಲೆಂದು ಕಟ್ಟಿದ್ದಲ್ಲ, ಆಟ ಕೆಡಿಸಿದ್ದೂ ಅಲ್ಲ. ಆದರೂ ಇಬ್ಬರಿಗೂ ಅನಿರ್ದಿಷ್ಟ ಅಮಾನತು. ಹಾರ್ನಂಗ್ ತಲೆ ತಗ್ಗಿಸಿ ತಪ್ಪೊಪ್ಪಿಕೊಂಡರು, ಪತ್ರಿಕೆಗಳು ಅವರನ್ನು ಹೊಗಳಿದವು. ಕಾರಸ್ ಬಗ್ಗಲಿಲ್ಲ, ಆ ವರ್ಷ ಕುಸ್ತಿ ಅಖಾಡಕ್ಕಿಳಿದು ಕಾಸು ಮಾಡಿಕೊಂಡರು. 1964ರ ಮಾರ್ಚ್‌ನಲ್ಲಿ ಇಬ್ಬರನ್ನೂ ಒಟ್ಟಿಗೇ ವಾಪಸು ಕರೆದರು. ಮರಳಿದ ಮೇಲೆ ಒಮ್ಮೆ ಟಾಸ್ ವೇಳೆ ರೆಫ್ರಿ ಹೆಡ್ಡೋ ಟೇಲೋ ಎಂದು ಕೇಳಿದಾಗ, ಕ್ಷಮಿಸಿ, ನನಗೆ ಜೂಜಾಡಲು ಅನುಮತಿಯಿಲ್ಲ ಎಂದು ಕಾರಸ್ ಉತ್ತರಿಸಿದರೆಂಬ ಕಥೆ ಇಂದಿಗೂ ಓಡಾಡುತ್ತದೆ. ಕಾಗದದ ಮೇಲೆ ಇಬ್ಬರದೂ ಒಂದೇ ಶಿಕ್ಷೆ. ಆದರೆ ಹಾರ್ನಂಗ್ ಹಾಲ್ ಆಫ್ ಫೇಮ್‌ಗೆ ಸೇರಿದ್ದು 1986ರಲ್ಲಿ, ಕಾರಸ್ ಸೇರಿದ್ದು 2020ರಲ್ಲಿ. ಅಷ್ಟರಲ್ಲಿ ಕಾರಸ್ ತೀರಿಕೊಂಡು ಎಂಟು ವರ್ಷವಾಗಿತ್ತು.

ಮುಂದಿನ ದಶಕಗಳಲ್ಲಿ ಟಿವಿ ಹಣ ಹರಿದು ಬಂತು, ಮೋಸಕ್ಕೂ ಹೊಸ ದಾರಿ ಸಿಕ್ಕಿತು. ಸಂಬಳದ ಮಿತಿಯ ಲೆಕ್ಕದಲ್ಲಿ ಕೈಚಳಕ ತೋರಿದ್ದಕ್ಕೆ ಡೆನ್ವರ್ ಬ್ರಾಂಕೋಸ್ ತಂಡಕ್ಕೆ 2001 ಮತ್ತು 2004ರಲ್ಲಿ ಎರಡೂ ಸಲ ಒಂಬತ್ತು ಲಕ್ಷ ಡಾಲರ್ ಮೀರಿದ ದಂಡ ಬಿತ್ತು. ಆ ಲೆಕ್ಕದ ಅವಧಿಯಲ್ಲಿ ಗೆದ್ದ ಎರಡು ಸೂಪರ್ ಬೌಲ್, ಅಂದರೆ ಲೀಗಿನ ಅಂತಿಮ ಪಂದ್ಯದ, ಟ್ರೋಫಿಗಳು ಕಪಾಟಿನಲ್ಲೇ ಉಳಿದವು. ಅಟ್ಲಾಂಟಾ ಫಾಲ್ಕನ್ಸ್ ತಂಡವಂತೂ ಪ್ರೇಕ್ಷಕರ ಗದ್ದಲವನ್ನು ಸ್ಪೀಕರಿನಲ್ಲಿ ಹಾಕಿ ಎದುರಾಳಿಗಳ ಕಿವಿ ಕಿವುಡು ಮಾಡಿ ಸಿಕ್ಕಿಬಿತ್ತು.

2007ರ ಸೆಪ್ಟೆಂಬರ್‌ನಲ್ಲಿ ಪೇಟ್ರಿಯಟ್ಸ್ ಸಿಬ್ಬಂದಿಯೊಬ್ಬ ನ್ಯೂಯಾರ್ಕ್ ಜೆಟ್ಸ್ ಕೋಚುಗಳ ಕೈಸನ್ನೆಗಳನ್ನು ಮೈದಾನದ ಅಂಚಿನಿಂದ ಚಿತ್ರೀಕರಿಸುತ್ತಿದ್ದಾಗ ಸಿಕ್ಕಿಬಿದ್ದ. ಎದುರಾಳಿಯ ಸನ್ನೆ ಕದಿಯುವುದು ಇಲ್ಲಿ ಅಪರಾಧವಲ್ಲ, ಕಣ್ಣಲ್ಲಿ ನೋಡಿ ಬರೆದುಕೊಂಡರೆ ಅದು ಜಾಣತನ. ಆ ಜಾಗದಿಂದ ಕ್ಯಾಮೆರಾ ಹಿಡಿಯುವುದು ಮಾತ್ರ ಅಪರಾಧ. ಕಮಿಷನರ್ ರಾಜರ್ ಗುಡೆಲ್ ಕೋಚ್ ಬಿಲ್ ಬೆಲಿಚೆಕ್‌ಗೆ 5 ಲಕ್ಷ ಡಾಲರ್, ತಂಡಕ್ಕೆ ಎರಡೂವರೆ ಲಕ್ಷ ದಂಡ ಹಾಕಿ, 2008ರ ಡ್ರಾಫ್ಟಿನ ಮೊದಲ ಸುತ್ತಿನ ಸರದಿಯನ್ನೂ ಕಿತ್ತುಕೊಂಡರು. ಒಂದು ಪಂದ್ಯದ ಅಮಾನತೂ ಇಲ್ಲ. ವಶಪಡಿಸಿಕೊಂಡ ಟೇಪುಗಳನ್ನು ಲೀಗೇ ನಾಶಪಡಿಸಿತು. ಸಾಕ್ಷ್ಯವನ್ನು ನ್ಯಾಯಾಧೀಶರೇ ಸುಟ್ಟರೆ ಹೇಗೆ ಎಂಬ ಧಾಟಿಯಲ್ಲಿ ಸೆನೆಟರ್ ಆರ್ಲೆನ್ ಸ್ಪೆಕ್ಟರ್ ತಿಂಗಳುಗಟ್ಟಲೆ ಬೆನ್ನುಹತ್ತಿದರೂ ಪ್ರಯೋಜನವಾಗಲಿಲ್ಲ. ಇನ್ನೊಂದು ತಮಾಷೆ ಏನೆಂದರೆ, ಪೇಟ್ರಿಯಟ್ಸ್ ಬಳಿ ಸ್ಯಾನ್ ಫ್ರಾನ್ಸಿಸ್ಕೊ ತಂಡದಿಂದ ವ್ಯಾಪಾರದಲ್ಲಿ ಬಂದಿದ್ದ ಮತ್ತೊಂದು ಮೊದಲ ಸುತ್ತಿನ ಸರದಿ ಇತ್ತು. ಕಳೆದುಕೊಂಡದ್ದು 31ನೆಯದು, ಕೈಯಲ್ಲಿ ಉಳಿದದ್ದು 7ನೆಯದು. 2007ರ ಋತುವಿನಲ್ಲಿ ಲೀಗ್ ಹಂತದ 16 ಪಂದ್ಯಗಳನ್ನೂ ಪೇಟ್ರಿಯಟ್ಸ್ ಗೆದ್ದಿತು, ಸೂಪರ್ ಬೌಲ್‌ನಲ್ಲಷ್ಟೇ ಸೋತಿತು.

ಐದು ವರ್ಷದ ಬಳಿಕ ಅದೇ ಗುಡೆಲ್ ಕೈ ಬಹಳ ಭಾರವಾಯಿತು. ನ್ಯೂ ಆರ್ಲೀನ್ಸ್ ಸೇಂಟ್ಸ್ ತಂಡದಲ್ಲಿ ಎದುರಾಳಿಯನ್ನು ಮೈದಾನದಿಂದ ಹೊತ್ತೊಯ್ಯುವಂತೆ ಹೊಡೆದರೆ 1,000 ಡಾಲರ್, ಮತ್ತೆ ಆಡದಂತೆ ಕೆಡವಿದರೆ 1,500 ಎಂಬ ಇನಾಮಿನ ಪದ್ಧತಿ ಮೂರು ವರ್ಷ ನಡೆದಿತ್ತೆಂದು ಲೀಗ್ ಹೇಳಿತು. ಕೋಚ್ ಶಾನ್ ಪೇಟನ್‌ಗೆ 2012ರ ಇಡೀ ಋತುವಿನ ಅಮಾನತು. ಜಾನಥನ್ ವಿಲ್ಮಾ ಸೇರಿ ನಾಲ್ವರು ಆಟಗಾರರಿಗೂ ಅಮಾನತು. ಆಟಗಾರರ ಸಂಘ ಸುಮ್ಮನಿರಲಿಲ್ಲ. ಮೇಲ್ಮನವಿ ಕೇಳಲು ಗುಡೆಲ್ ತಮ್ಮ ಪೂರ್ವಾಧಿಕಾರಿ ಪಾಲ್ ಟ್ಯಾಗ್ಲಿಯಾಬೂ ಅವರನ್ನೇ ಕೂರಿಸಿದರು. ತಪ್ಪು ಬಹುಪಾಲು ನಿಜ, ಆದರೆ ಕೆಡಿಸಿದವರು ಕೋಚುಗಳು ಎಂಬ ನಿಲುವಿಗೆ ಬಂದ ಟ್ಯಾಗ್ಲಿಯಾಬೂ, ಡಿಸೆಂಬರ್‌ನಲ್ಲಿ ನಾಲ್ವರ ಅಮಾನತನ್ನೂ ರದ್ದುಮಾಡಿದರು. ಈ ಇಡೀ ಚರಿತ್ರೆಯಲ್ಲಿ ನ್ಯಾಯದ ಹತ್ತಿರ ಸುಳಿದ ತೀರ್ಪು ಬಹುಶಃ ಇದೊಂದೇ. ಯಜಮಾನ ಹೇಳಿದ್ದನ್ನು ಮಾಡಿದವನಿಗೂ ಯಜಮಾನನಿಗೂ ಒಂದೇ ಅಳತೆ ಸಲ್ಲದು ಎಂಬುದನ್ನು ಕೊನೆಗೂ ಒಬ್ಬರು ಬಾಯಿಬಿಟ್ಟು ಹೇಳಿದರು.

ಆಮೇಲೆ ಬಂತು ಗಾಳಿಯ ಪ್ರಕರಣ. ಆಟದ ಚೆಂಡಿನಲ್ಲಿ ಗಾಳಿಯ ಒತ್ತಡ ಚದರ ಅಂಗುಲಕ್ಕೆ 12.5ರಿಂದ 13.5 ಪೌಂಡ್ ಇರಬೇಕು. 2006ರಿಂದ ಪ್ರತಿ ತಂಡ ತನ್ನ ದಾಳಿಗೆ ತನ್ನದೇ ಚೆಂಡು ತರಬಹುದು. ಈ ಅನುಕೂಲಕ್ಕಾಗಿ ಒತ್ತಾಯಿಸಿದ, ಚೆಂಡೆಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಪೇಟ್ರಿಯಟ್ಸ್‌ನ ಟಾಮ್ ಬ್ರೇಡಿ ಒಬ್ಬರು. 2015ರ ಜನವರಿ 18ರಂದು ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧದ ಪಂದ್ಯದಲ್ಲಿ ಪೇಟ್ರಿಯಟ್ಸ್ ಚೆಂಡುಗಳು ಮೆತ್ತಗಿವೆ ಎಂಬ ದೂರು ಬಂತು. ಅರ್ಧವಿರಾಮದಲ್ಲಿ ರೆಫ್ರಿಗಳ ಕೊಠಡಿಯಲ್ಲಿ ಎರಡು ಗೇಜು ಹಿಡಿದು ಅಳೆದರು. ಪೇಟ್ರಿಯಟ್ಸ್‌ನ 11 ಚೆಂಡುಗಳೂ ಮಿತಿಗಿಂತ ಕಡಿಮೆ. ಕೋಲ್ಟ್ಸ್‌ನವುಗಳಲ್ಲಿ ನಾಲ್ಕನ್ನು ಅಳೆಯುವಷ್ಟರಲ್ಲಿ ವಿರಾಮವೇ ಮುಗಿಯಿತು. ಎರಡು ಗೇಜುಗಳ ಓದು ಒಂದೇ ಇರಲಿಲ್ಲ. ಪಂದ್ಯಕ್ಕೆ ಮೊದಲಿನ ಒತ್ತಡವನ್ನು ಯಾರೂ ಬರೆದಿಟ್ಟಿರಲಿಲ್ಲ. ಮೊದಲು ಅಳೆದದ್ದು ಯಾವ ಗೇಜಿನಲ್ಲಿ ಎಂಬ ಬಗ್ಗೆ ರೆಫ್ರಿಯ ನೆನಪು ಒಂದು ಹೇಳಿದರೆ ತನಿಖಾ ವರದಿ ಇನ್ನೊಂದನ್ನು ನಂಬಿತು. ಗಾಳಿ ತುಂಬಿ ಸರಿಪಡಿಸಿದ ಚೆಂಡುಗಳಿಂದ ಪೇಟ್ರಿಯಟ್ಸ್ ಉತ್ತರಾರ್ಧದಲ್ಲಿ 28 ಪಾಯಿಂಟ್ ಬಾರಿಸಿ 45-7ರಿಂದ ಗೆದ್ದಿತು. ಮೋಸ ನಡೆದಿತ್ತು ಅಂತಲೇ ಇಟ್ಟುಕೊಂಡರೂ ಅದರಿಂದ ಸಿಕ್ಕ ಲಾಭ ಯಾವ ಲೆಕ್ಕಕ್ಕೂ ಬರುವಂಥದ್ದಲ್ಲ.

ವಕೀಲ ಟೆಡ್ ವೆಲ್ಸ್ 243 ಪುಟಗಳ ವರದಿ ಕೊಟ್ಟರು. ಚೆಂಡು ಸಾಗಿಸುತ್ತಿದ್ದ ಸಿಬ್ಬಂದಿ ದಾರಿಯಲ್ಲಿ ಶೌಚಾಲಯಕ್ಕೆ ಹೊಕ್ಕು ಒಂದು ನಿಮಿಷ 40 ಸೆಕೆಂಡ್ ಒಳಗಿದ್ದ, ಮೊಬೈಲ್ ಸಂದೇಶದಲ್ಲಿ ತನ್ನನ್ನು ತಾನೇ ಗಾಳಿ ಇಳಿಸುವವನೆಂದು ಕರೆದುಕೊಂಡಿದ್ದ, ಬ್ರೇಡಿಗೆ ಇದು ಒಟ್ಟಾರೆ ಗೊತ್ತಿದ್ದಿರುವ ಸಂಭವವೇ ಹೆಚ್ಚು ಎಂಬುದು ಅದರ ಸಾರ. ಬ್ರೇಡಿಗೆ ನಾಲ್ಕು ಪಂದ್ಯದ ಅಮಾನತು, ತಂಡಕ್ಕೆ 10 ಲಕ್ಷ ಡಾಲರ್ ದಂಡ, ಜೊತೆಗೆ ಎರಡು ಡ್ರಾಫ್ಟ್ ಸರದಿ ಖೋತಾ. ಬ್ರೇಡಿ ತಮ್ಮ ಹಳೆಯ ಮೊಬೈಲ್ ನಾಶಮಾಡಿಸಿದ್ದು ಹೊರಬಿದ್ದ ಮೇಲಂತೂ ಗುಡೆಲ್ ಒಂದಿಂಚೂ ಸಡಿಲಿಸಲಿಲ್ಲ. ಮೇಲ್ಮನವಿ ಕೇಳಿದವರೂ ಅವರೇ.

ಪ್ರಮಾಣದ ಪ್ರಶ್ನೆ ಇಲ್ಲಿ ಮುಖಕ್ಕೆ ರಾಚುತ್ತದೆ. ಉಪಕರಣದ ಮೊದಲ ತಪ್ಪಿಗೆ ಆಟಗಾರರ ದಂಡಪಟ್ಟಿಯಲ್ಲಿ ಬರೆದಿದ್ದದ್ದು 5,512 ಡಾಲರ್. ಹಿಂದಿನ ನವೆಂಬರ್‌ನಲ್ಲಿ ಮಿನೆಸೋಟದ ಕೊರೆಯುವ ಚಳಿಯಲ್ಲಿ ಚೆಂಡುಗಳನ್ನು ಹೀಟರಿನ ಮುಂದೆ ಹಿಡಿದದ್ದು ಟಿವಿಯಲ್ಲೇ ಕಂಡಾಗ ಲೀಗ್ ಬರೀ ಎಚ್ಚರಿಕೆ ಕೊಟ್ಟಿತ್ತು. 2014ರಲ್ಲಿ ಭಾವಿ ಪತ್ನಿಗೆ ಹೊಡೆದ ಆಟಗಾರ ರೇ ರೈಸ್‌ಗೆ ಗುಡೆಲ್ ಮೊದಲು ಕೊಟ್ಟಿದ್ದು ಎರಡೇ ಪಂದ್ಯದ ಅಮಾನತು. ಹೊಡೆತದ ವಿಡಿಯೊ ಹೊರಬಂದ ಮೇಲೆ ಅದು ಅನಿರ್ದಿಷ್ಟವಾಯಿತು, ಒಂದೇ ತಪ್ಪಿಗೆ ಎರಡನೇ ಶಿಕ್ಷೆ ಎಂಬ ಕಾರಣಕ್ಕೆ ಮಧ್ಯಸ್ಥಗಾರರೆದುರು ಬಿದ್ದೂಹೋಯಿತು. ಹೆಣ್ಣಿನ ಮೇಲಿನ ಹೊಡೆತಕ್ಕಿಂತ ಚೆಂಡಿನ ಗಾಳಿ ಎರಡು ಪಟ್ಟು ಭಾರವೇ ಎಂದು ಅಮೆರಿಕದ ಪತ್ರಿಕೆಗಳು ಕೇಳಿದ್ದರಲ್ಲಿ ಅತಿಶಯವೇನಿರಲಿಲ್ಲ.

2015ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶ ರಿಚರ್ಡ್ ಬರ್ಮನ್ ಅಮಾನತನ್ನು ರದ್ದುಮಾಡಿದರು. ಇಂಥ ತಪ್ಪಿಗೆ ಇಂಥ ಶಿಕ್ಷೆ ಎಂದು ಆಟಗಾರನಿಗೆ ಮೊದಲೇ ತಿಳಿಸಿರಲಿಲ್ಲ ಎಂಬುದು ಮುಖ್ಯ ಕಾರಣ. ಲೀಗ್ ಮೇಲಿನ ನ್ಯಾಯಾಲಯಕ್ಕೆ ಹೋಯಿತು. ಚಳಿಗೆ ಚೆಂಡಿನ ಒತ್ತಡ ತಾನಾಗಿ ಇಳಿಯುತ್ತದೆ, ಇದು ಹೈಸ್ಕೂಲು ಭೌತಶಾಸ್ತ್ರ ಎಂದು 21 ಪ್ರಾಧ್ಯಾಪಕರು ನ್ಯಾಯಾಲಯಕ್ಕೆ ಬರೆದರು. ಅಷ್ಟರಲ್ಲಿ, 2016ರ ಏಪ್ರಿಲ್‌ನಲ್ಲೇ, ಮೇಲಿನ ನ್ಯಾಯಾಲಯ 2-1ರ ಬಹುಮತದಿಂದ ಅಮಾನತನ್ನು ಎತ್ತಿಹಿಡಿದಾಗಿತ್ತು. ಬ್ರೇಡಿ ಗಾಳಿ ಇಳಿಸಿದರೋ ಇಲ್ಲವೋ ಅದು ನಮ್ಮ ಪ್ರಶ್ನೆಯಲ್ಲ, ಶಿಕ್ಷಿಸುವ ಅಧಿಕಾರವನ್ನು ಆಟಗಾರರ ಸಂಘವೇ ಒಪ್ಪಂದದಲ್ಲಿ ಕಮಿಷನರಿಗೆ ಬರೆದುಕೊಟ್ಟಿದೆ ಎಂಬುದು ಆ ತೀರ್ಪಿನ ತಿರುಳು. ಬ್ರೇಡಿ ನಾಲ್ಕು ಪಂದ್ಯ ಮನೆಯಲ್ಲಿ ಕೂತರು. ಅದೇ ಋತುವಿನ ಸೂಪರ್ ಬೌಲ್‌ನಲ್ಲಿ 3-28ರ ಹಿನ್ನಡೆಯಿಂದ ಎದ್ದು 34-28ರಿಂದ ಗೆದ್ದರು. 2015ರ ಋತುವಿನಲ್ಲಿ ಲೀಗ್ ಅಲ್ಲಲ್ಲಿ ಚೆಂಡುಗಳ ಒತ್ತಡ ಪರೀಕ್ಷಿಸಿತ್ತು. ಫಲಿತಾಂಶವನ್ನು ಪ್ರಕಟಿಸಲೇ ಇಲ್ಲ.

ಬಾಜಿಯ ಕಥೆಯೂ ಆಮೇಲೆ ಮಗುಚಿತು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್ ಮೇಲಿನ ಕೇಂದ್ರ ನಿರ್ಬಂಧವನ್ನು ಹೊಡೆದುಹಾಕಿತು. ಒಂದು ಕಾಲಕ್ಕೆ ಜೂಜಿನ ನೆರಳು ಕಂಡರೂ ಹೌಹಾರುತ್ತಿದ್ದ ಲೀಗು 2021ರಲ್ಲಿ ಬೆಟ್ಟಿಂಗ್ ಕಂಪನಿಗಳನ್ನೇ ಅಧಿಕೃತ ಪಾಲುದಾರರನ್ನಾಗಿ ಮಾಡಿಕೊಂಡಿತು. ಮರುವರ್ಷವೇ ಫಾಲ್ಕನ್ಸ್ ಆಟಗಾರ ಕ್ಯಾಲ್ವಿನ್ ರಿಡ್ಲಿ ಸಿಕ್ಕಿಬಿದ್ದರು. ಮಾನಸಿಕ ಆರೋಗ್ಯದ ಕಾರಣಕ್ಕೆ ತಂಡದಿಂದ ದೂರವಿದ್ದಾಗ ಫೋನಿನಲ್ಲಿ ಒಟ್ಟು 1,500 ಡಾಲರ್ ಬಾಜಿ ಕಟ್ಟಿದ್ದೆ ಎಂದು ಅವರೇ ಹೇಳಿಕೊಂಡರು. ಕನಿಷ್ಠ ಒಂದು ಋತುವಿನ ಅಮಾನತಾಯಿತು, ಒಂದು ಕೋಟಿ ಡಾಲರಿಗೂ ಮಿಕ್ಕ ಸಂಬಳ ಹೋಯಿತು.

2023ರ ಏಪ್ರಿಲ್‌ನಲ್ಲಿ ಡೆಟ್ರಾಯ್ಟ್ ಲಯನ್ಸ್‌ನ ಜೇಮ್ಸನ್ ವಿಲಿಯಮ್ಸ್‌ಗೆ ಆರು ಪಂದ್ಯದ ಅಮಾನತು ಬಿತ್ತು. ಅವರು ಬಾಜಿ ಕಟ್ಟಿದ್ದು ಲೀಗಿನ ಪಂದ್ಯದ ಮೇಲಲ್ಲ, ಬೇರೆ ಆಟದ ಮೇಲೆ. ಮನೆಯ ಸೋಫಾದ ಮೇಲೆ ಕೂತು ಅದನ್ನೇ ಮಾಡಿದ್ದರೆ ಕೇಳುವವರಿರಲಿಲ್ಲ. ತಂಡದ ಆವರಣದೊಳಗೆ ಫೋನ್ ಒತ್ತಿದ್ದೇ ತಪ್ಪಾಯಿತು. ಋತು ಶುರುವಾಗಿ ಮೂರು ವಾರ ಕಳೆದ ಮೇಲೆ ಲೀಗೂ ಆಟಗಾರರ ಸಂಘವೂ ಕೂತು ನಿಯಮ ತಿದ್ದಿದವು: ಇಂಥ ತಪ್ಪಿಗೆ ಮೊದಲ ಸಲ ಎರಡೇ ಪಂದ್ಯ, ತನ್ನ ತಂಡದ ಮೇಲೇ ಬಾಜಿ ಕಟ್ಟಿದರೆ ಕನಿಷ್ಠ ಎರಡು ವರ್ಷ. ವಿಲಿಯಮ್ಸ್ ಅಮಾನತು ನಾಲ್ಕಕ್ಕೆ ಇಳಿಯಿತು, ಐದನೇ ಪಂದ್ಯಕ್ಕೆ ಅವರು ಮೈದಾನಕ್ಕೆ ಬಂದರು. ಆ ಋತುವಿನ ಸೂಪರ್ ಬೌಲ್ ನಡೆದದ್ದು ಲಾಸ್ ವೇಗಸ್‌ನಲ್ಲಿ.