ಸಾದಾ ಪೆಟ್ರೋಲ್, ಸ್ಪೆಷಲ್ ಪೆಟ್ರೋಲ್

ನಲವತ್ತು ದಾಟಿದ ನನ್ನ ಮಗಳು ಹೋದ ತಿಂಗಳು ಮೋಟಾರ್ ಸೈಕಲ್ ಕೊಂಡಳು. ಸ್ಕೂಟರಲ್ಲ, ಗೇರು ಹಾಕುವ ಗಾಡಿ! ಮೊದಲ ಸವಾರಿಗೆ ನನ್ನನ್ನೇ ಹಿಂದೆ ಕೂರಿಸಿಕೊಂಡು ಪೆಟ್ರೋಲ್ ಬಂಕಿಗೆ ಹೋದಳು. ಅಲ್ಲಿಯ ಹುಡುಗ, "ಸಾದಾ ಹಾಕಲಾ ಮೇಡಂ, ಪ್ರೀಮಿಯಂ ಹಾಕಲಾ?" ಎಂದ. ಅವಳು ತಿರುಗಿ, "ಅಮ್ಮಾ, ಯಾವುದು?" ಎಂದಳು. ಅಕ್ಕಿ ಬೇಳೆ ಆರಿಸುವವಳಿಗೆ ಪೆಟ್ರೋಲ್ ಆರಿಸುವುದೂ ಗೊತ್ತಿರಬೇಕೆಂದು ಅವಳ ನಂಬಿಕೆ. ನಿಜ ಹೇಳಬೇಕೆಂದರೆ ಗೊತ್ತಿತ್ತು. ಅದಕ್ಕೆ ಕಾರಣ ನಮ್ಮ ಮನೆಯವರ ಯೆಜ್ಡಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ತಯಾರಾಗುತ್ತಿತ್ತು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿ ಓಡಿಸಬೇಕಾದ ಗಾಡಿ ಅದು. ಆಗ ನಮ್ಮ ದೇಶದಲ್ಲಿ 87 ಆಕ್ಟೇನಿನದು, 93 ಆಕ್ಟೇನಿನದು ಎಂದು ಎರಡು ಬಗೆಯ ಪೆಟ್ರೋಲ್. ಚಾಮುಂಡಿ ಬೆಟ್ಟಕ್ಕೆ ಹೊರಟ ದಿನ ನಮ್ಮವರಿಗೆ 93ರ ಮೇಲೆ ಕಣ್ಣು. "ಬೆಟ್ಟ ಹತ್ತಬೇಕಲ್ಲ, ಬಲ ಬೇಡವೇ?" ಎನ್ನುತ್ತಿದ್ದರು. ಮನೆಖರ್ಚಿನ ಪುಸ್ತಕ ಬರೆಯುತ್ತಿದ್ದವಳು ನಾನು. ಗಾಡಿ ಅದೇ, ಬೆಟ್ಟ ಅದೇ, ಖರ್ಚು ಮಾತ್ರ ಬೇರೆ. ಕೊನೆಗೆ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ಕೇ, "ಈ ಗಾಡಿಗೆ ಅದು ದಂಡ ಸಾರ್" ಎಂದು ತೀರ್ಪು ಕೊಟ್ಟ.

ಅವನು ಹೇಳಿದ್ದು ಸರಿ. ಎಂಜಿನ್ನಿನೊಳಗೆ ಪೆಟ್ರೋಲಿನ ಆವಿ ಮತ್ತು ಗಾಳಿಯನ್ನು ಒತ್ತಿ ಹಿಡಿದು ಕಿಡಿ ಹೊತ್ತಿಸುತ್ತಾರೆ. ಒತ್ತಿದಾಗ ಬಿಸಿಯೇರುತ್ತದೆ. ಕಿಡಿಯ ಉರಿ ತಲುಪುವ ಮೊದಲೇ ಅಲ್ಲಲ್ಲಿ ತಾನಾಗಿ ಸಿಡಿದರೆ ಕಟಕಟ ಸದ್ದು. ಹಾಗೆ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎನ್ನುವುದರ ಲೆಕ್ಕವೇ ಆಕ್ಟೇನ್. ಹೆಚ್ಚು ಒತ್ತುವ ಎಂಜಿನ್ನಿಗೆ ಹೆಚ್ಚು ಆಕ್ಟೇನ್ ಬೇಕು. ಯೆಜ್ಡಿಯಂಥ ಗಾಡಿಗೆ ಸಾದಾ ಪೆಟ್ರೋಲೇ ಸಾಕು. ಅದು ತಾಳ್ಮೆಯ ಅಳತೆ, ನಮ್ಮವರು ಅದನ್ನು ಬಲವೆಂದು ತಿಳಿದಿದ್ದರು.

ಈ ಕಟಕಟ ಸದ್ದಿಗೆ ಮದ್ದು ಹುಡುಕಿದ ಕತೆಯನ್ನು ನಾನು ಓದಿದ್ದು ಬಹಳ ತಡವಾಗಿ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಥಾಮಸ್ ಮಿಡ್‌ಗ್ಲಿ 1921ರಲ್ಲಿ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿ ಸದ್ದು ನಿಲ್ಲಿಸಿದ. ಮದ್ಯಸಾರ ಬೆರೆಸಿದರೂ ಸದ್ದು ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಮದ್ಯಸಾರವನ್ನು ಯಾರು ಬೇಕಾದರೂ ಕಾಯಿಸಿಕೊಳ್ಳಬಹುದು. ಸೀಸದ ಮದ್ದಿಗೆ ಪೇಟೆಂಟ್ ಸಿಗುತ್ತದೆ. 1923ರ ಫೆಬ್ರವರಿಯಲ್ಲಿ ಅದು ‘ಈಥೈಲ್’ ಎಂಬ ಹೆಸರಿನಲ್ಲಿ, ಸಾದಾ ಪೆಟ್ರೋಲಿಗಿಂತ ಹೆಚ್ಚಿನ ಬೆಲೆಗೆ ಮಾರಾಟಕ್ಕೆ ಬಂತು. ಹೆಸರಿನಲ್ಲಿ ಸೀಸದ ಸುಳಿವೇ ಇಲ್ಲ. ಮರುವರ್ಷ ನ್ಯೂಜೆರ್ಸಿಯಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಬುದ್ಧಿಭ್ರಮೆಯಾಗಿ ಸತ್ತರು. ಅದಕ್ಕೂ ಮೊದಲೇ ಸೀಸದ ವಿಷವೇರಿ ರಜೆ ಹಾಕಿದ್ದ ಮಿಡ್‌ಗ್ಲಿ, ಪತ್ರಕರ್ತರ ಎದುರು ಅದನ್ನೇ ಕೈಗೆ ಸುರಿದುಕೊಂಡು, ಮೂಸಿ, ಏನೂ ಅಪಾಯವಿಲ್ಲವೆಂದ. ಲೋಕ ನಂಬಿತು.

ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ನಮ್ಮಲ್ಲಿ ಸೀಸವಿಲ್ಲದ ಪೆಟ್ರೋಲ್ ನಾಲ್ಕು ಮಹಾನಗರಗಳಿಗೆ ಬಂದದ್ದು 1995ರ ಏಪ್ರಿಲಿನಲ್ಲಿ, ಇಡೀ ದೇಶಕ್ಕೆ 2000ದ ಫೆಬ್ರವರಿ 1ರಂದು. ಲೋಕದಲ್ಲಿ ಕೊನೆಯದಾಗಿ ಅದನ್ನು ಬಿಟ್ಟ ದೇಶ ಅಲ್ಜೀರಿಯ, 2021ರಲ್ಲಿ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಕಾಲದ 93ರ ಪೆಟ್ರೋಲಿಗೆ 87ರದಕ್ಕಿಂತ ಹೆಚ್ಚು ಸೀಸ ಬೆರೆಸಲು ಅವಕಾಶವಿತ್ತು. ಹೆಚ್ಚು ಕಾಸು ಕೊಟ್ಟು ಹೆಚ್ಚು ವಿಷ ತಂದಿದ್ದೆವು! ಆ ಯೆಜ್ಡಿಯ ಟ್ಯಾಂಕಿನ ಮೇಲೆ ಮೂರು ವರ್ಷದ ಈ ಮಗಳು ಕೂರುತ್ತಿದ್ದಳು. ಸಯ್ಯಾಜಿರಾವ್ ರಸ್ತೆಯ ಹೊಗೆಯಲ್ಲಿ ಅವಳ ಮೂಗು ಎಲ್ಲರಿಗಿಂತ ಮುಂದೆ. ಹಿಂದೆ ಕೂತ ನಾನು ಸೆರಗಿನಿಂದ ನನ್ನ ಮೂಗು ಮುಚ್ಚಿಕೊಳ್ಳುತ್ತಿದ್ದೆ. "ನನಗೇನೂ ಆಗಲಿಲ್ಲವಲ್ಲಮ್ಮ" ಎಂದು ಈಗ ಅವಳು ನಗುತ್ತಾಳೆ. ಆಗಲಿಲ್ಲವೆಂದು ಅಳೆದು ನೋಡಿದವರು ಯಾರು? ಖರ್ಚಿನ ಪುಸ್ತಕದಲ್ಲಿ ಪೈಸೆ ಪೈಸೆಗೂ ಲೆಕ್ಕವಿಟ್ಟವಳಿಗೆ ಈ ಲೆಕ್ಕ ಸಿಗಲೇ ಇಲ್ಲ.

ಈಗಿನ ಪ್ರೀಮಿಯಂನಲ್ಲಿ ಸೀಸವಿಲ್ಲ, ಆ ಭಯ ಬೇಡ. ಬೆರಕೆ ಮಾತ್ರ ಸಾದಾ ಪೆಟ್ರೋಲಿನಲ್ಲೂ ಉಂಟು: 2025ರ ಹೊತ್ತಿಗೆ ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಮಿಡ್‌ಗ್ಲಿಯ ಕಾಲದಲ್ಲಿ ಬದಿಗಿಟ್ಟ ಮದ್ಯಸಾರವೇ ನೂರು ವರ್ಷದ ಮೇಲೆ ತಿರುಗಿ ಬಂದಿದೆ. ಹಳೆಯ ಗಾಡಿಯ ರಬ್ಬರ್ ಭಾಗಗಳಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲವಂತೆ. ಹಾಗಾಗಿ ಬಂಕಿನ ಬೋರ್ಡು ನೋಡಿ ಆರಿಸುವುದಕ್ಕಿಂತ ಗಾಡಿಯ ಜೊತೆ ಬಂದ ಪುಸ್ತಕ ನೋಡುವುದು ಮೇಲು.

ಅಂದು ಬಂಕಿನಲ್ಲಿ ನಾವು ಮಾಡಿದ್ದೂ ಅದನ್ನೇ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರೂ ಬಿಡದೆ ಪುಸ್ತಕ ತೆಗೆಸಿದೆ. ಸಾದಾ ಪೆಟ್ರೋಲ್ ಸಾಕೆಂದು ಬರೆದಿತ್ತು. "ಸಾದಾನೇ ಹಾಕಪ್ಪ" ಎಂದೆ. ಉಳಿದ ದುಡ್ಡಿನಲ್ಲಿ ಮಗಳು ದೇವರಾಜ ಮಾರುಕಟ್ಟೆಯಲ್ಲಿ ನನಗೆ ಒಂದು ಮೊಳ ಮಲ್ಲಿಗೆ ಕೊಡಿಸಿದಳು.